ಹೂಂ ಅನ್ನುವ ಕೆಲಸ

ನಮ್ಮ ಮನೆಯಲ್ಲಿ ಹೂಂ ಅನ್ನುವುದು ಒಂದು ಕೆಲಸವಾಗಿತ್ತು. ನಗಬೇಡಿ, ನಿಜವಾಗಿಯೂ ಕೆಲಸವೇ. ನೀರು ಸೇದುವುದು ಅಮ್ಮನ ಪಾಲಿಗೆ, ಅಂಗಳ ಗುಡಿಸುವುದು ತಮ್ಮನ ಪಾಲಿಗೆ ಬಂದಿದ್ದ ಹಾಗೆ, ಅಜ್ಜಿ ಕತೆ ಹೇಳುವಾಗ ಮಾತಿಗೊಂದು ಹೂಂ ಅನ್ನುವುದು ನನ್ನ ಪಾಲಿಗೆ ಬಂದಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. "ಎಲ್ಲಿಗ್ ಹೋದ್ಯೆ? ನಿದ್ದೆ ಬಂತಾ?" ಎಂದು ಅಜ್ಜಿ ನನ್ನ ತೊಡೆಗೆ ತಟ್ಟುತ್ತಿದ್ದಳು. ನಾನು ಮತ್ತೆ ಹೂಂ ಅಂದ ಮೇಲೆಯೇ ಕತೆಯ ಕುದುರೆ ಮುಂದಕ್ಕೆ ಕಾಲಿಡುತ್ತಿತ್ತು. ತಮ್ಮ ಎಷ್ಟೋ ಸಲ ಆ ಕೆಲಸ ತನಗೆ ಬೇಕೆಂದು ರಂಪ ಮಾಡಿದ್ದ. ನಾನು ಬಿಟ್ಟುಕೊಡಲಿಲ್ಲ.

ಶಿಕಾರಿಪುರದ ಪೇಟೆ ಬೀದಿಯಲ್ಲಿ ಅಪ್ಪನದು ಬಟ್ಟೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅಜ್ಜಿ ಅಮ್ಮನ ತಾಯಿ, ಸೊರಬದ ಕಡೆಯ ಕುಪ್ಪಗಡ್ಡೆಯವಳು. ಅಜ್ಜ ತೀರಿಕೊಂಡಿದ್ದ, ಗಂಡುಮಕ್ಕಳಿರಲಿಲ್ಲ. ತಮ್ಮ ಹುಟ್ಟಿದಾಗ ಬಾಣಂತನಕ್ಕೆಂದು ಬಂದವಳು ನಮ್ಮಲ್ಲೇ ಉಳಿದಿದ್ದಳು. ಅಳಿಯನ ಮನೆಯಲ್ಲಿ ಉಳಿದುಬಿಡುವುದು ಆ ಕಾಲಕ್ಕೆ ಸಣ್ಣ ವಿಷಯವಲ್ಲ. ಅಪ್ಪ ಒಂದು ದಿನವೂ ಒಂದು ಮಾತು ಆಡಿದವನಲ್ಲ, ಆದರೂ ಅಜ್ಜಿಗೆ ಒಳಗೊಳಗೇ ಕುಟುಕು. ಅಮ್ಮ ಎರಡನೇ ಸಲ ಅನ್ನ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬೀದಿಯ ಹೆಂಗಸರು, "ಇನ್ನೂ ಇಲ್ಲೇ ಇದೀರೇನ್ರೀ?" ಎಂದು ಕೇಳಿದರೆ, "ಇದೀನವ್ವ. ಈ ಮಕ್ಕಳು ನನ್ನ ಕತೆ ಇಲ್ದೆ ಉಣ್ಣೋದಿಲ್ಲ. ಏನ್ ಮಾಡ್ಲಿ, ಬಿಟ್ಟು ಹೋಗೋಕಾಗುತ್ತಾ?" ಎನ್ನುತ್ತಿದ್ದಳು. ಅಳಿಯನ ಅನ್ನ ಉಣ್ಣುವುದಕ್ಕೆ ಅವಳು ತನಗೆ ತಾನೇ ಕೊಟ್ಟುಕೊಂಡಿದ್ದ ಕಾರಣ ಅದೊಂದೇ. ನನಗಾಗ ಒಂಬತ್ತು ವರ್ಷ. ಆದರೂ ಅಷ್ಟು ತಿಳಿಯುತ್ತಿತ್ತು. ತಿಳಿಯುತ್ತಿರಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅಪ್ಪ ಶಿವಮೊಗ್ಗದಿಂದ ರೇಡಿಯೋ ತಂದ. ಬೀದಿಗೆಲ್ಲ ಮೊದಲನೆಯದು. ಪಕ್ಕದ ಮನೆಯ ದರ್ಜಿ ಸಾಬರು ಹೆಂಚಿನ ಮೇಲೆ ಹತ್ತಿ ಬಿದಿರು ಗಳಕ್ಕೆ ತಂತಿ ಕಟ್ಟಿಕೊಟ್ಟರು. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ ಕೂಡಿಸಿ, ಅಪ್ಪ ತಿರುಪು ತಿರುಗಿಸಿದ. ಸ್ವಲ್ಪ ಹೊತ್ತು ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಅಂದು, ಆಮೇಲೆ ಧಾರವಾಡದಿಂದ ಒಬ್ಬರು ಗಂಭೀರವಾಗಿ ಮಾತಾಡತೊಡಗಿದರು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಜನ. ಎಲ್ಲರಿಗಿಂತ ಮುಂದೆ ಅಜ್ಜಿ, ಸೆರಗು ಹೊದ್ದು, ನೆಂಟರು ಬಂದಾಗ ಕೂರುವ ಹಾಗೆ ಕೂತಿದ್ದಳು. ಪೆಟ್ಟಿಗೆಯೊಳಗಿನವರು ಒಂದು ವಾಕ್ಯ ಮುಗಿಸಿದ್ದೇ ತಡ, ಅಜ್ಜಿ "ಹೂಂ" ಅಂದಳು. ಇನ್ನೊಂದು ವಾಕ್ಯ. ಮತ್ತೆ "ಹೂಂ". ಕೂತವರೆಲ್ಲ ಗೊಳ್ಳೆಂದು ನಕ್ಕರು.

"ನಗೋದೇನ್ ಬಂತು?" ಅಜ್ಜಿಗೆ ಸಿಟ್ಟು ಬಂತು. "ಪಾಪ, ಅಷ್ಟ್ ದೂರದಿಂದ ಒಬ್ನೇ ಹೇಳ್ತಾ ಇದಾನೆ. ಕೇಳೋರು ಇದೀವಿ ಅಂತ ಅವನಿಗೆ ಗೊತ್ತಾಗೋದು ಬೇಡ್ವಾ?"

"ನಮ್ಮ ಮಾತು ಅವ್ರಿಗೆ ಕೇಳಂಗಿಲ್ರೀ ಅತ್ತೆ," ಎಂದ ಅಪ್ಪ. "ಅಲ್ಲಿಂದ ಇಲ್ಲಿಗಷ್ಟೇ ಬರ್ತೈತಿ."

ಅಜ್ಜಿ ನಂಬಲಿಲ್ಲ. ಎದ್ದು ಒಳಗೆ ಹೋದಳು, ನೀರು ಕುಡಿದಳು, ಬೇಕೆಂದೇ ತಡಮಾಡಿ ಬಂದಳು. ಪೆಟ್ಟಿಗೆ ತನ್ನಷ್ಟಕ್ಕೆ ಮಾತಾಡುತ್ತಲೇ ಇತ್ತು. "ನಾನ್ ಎದ್ದು ಹೋದ್ರೂ ನಿಲ್ಲಿಸ್ಲಿಲ್ವಲ್ಲೇ!" ಎಂದು ಅಮ್ಮನ ಕಡೆ ತಿರುಗಿದಳು. "ಕೇಳಿದ್ರೂ ಸೈ, ಬಿಟ್ರೂ ಸೈ. ಇದೆಂಥಾ ಹೇಳೋದು ಮಾರಾಯ್ತಿ!"

ಮಕ್ಕಳಾದ ನಮಗೆ ಹಿಡಿಸಿದ್ದೇ ಅದು. ರೇಡಿಯೋದ ಮುಂದೆ ಏನೂ ಮಾಡಬೇಕಾಗಿರಲಿಲ್ಲ. ಮಗ್ಗುಲಾದರೂ, ಜಗಳವಾಡಿದರೂ, ಅರ್ಧಕ್ಕೆ ಎದ್ದು ಹೋಗಿ ಬಂದರೂ ಅದಕ್ಕೆ ಬೇಸರವಿಲ್ಲ. ಸಿಲೋನಿನಿಂದ ಅರ್ಥವಾಗದ ಭಾಷೆಯ ಹಾಡುಗಳು ಬರುತ್ತಿದ್ದವು, ನಡುನಡುವೆ ತಲೆನೋವಿನ ಗುಳಿಗೆ, ತಲೆಗೆ ಹಚ್ಚುವ ಎಣ್ಣೆ ಇವುಗಳ ಹಾಡು. ಭಾಷೆ ಬಾರದಿದ್ದರೂ ತಮ್ಮನಿಗೆ ಅವೆಲ್ಲ ಬಾಯಿಪಾಠ. ತಿಂಗಳೊಪ್ಪತ್ತಿನಲ್ಲಿ ಅವನು ಇದ್ದಿಲಿನಲ್ಲಿ ಹಲ್ಲು ಉಜ್ಜುವುದಿಲ್ಲ ಎಂದು ಹಟ ಹಿಡಿದು, ಡಬ್ಬಿಯಲ್ಲಿ ಬರುವ ಹಲ್ಲುಪುಡಿ ತರಿಸಿಕೊಂಡ. ಅಜ್ಜಿ ಹುರಿದು ಕೊಡುತ್ತಿದ್ದ ಹುಣಸೆಬೀಜ ನನಗೂ ಸಪ್ಪೆಯಾಯಿತು, ಬಿಸ್ಕತ್ತು ಬೇಕಾಯಿತು. ಅಪ್ಪನಿಗೆ ಅದೇನೋ ಹೆಮ್ಮೆ, ಮಕ್ಕಳು ಪೇಟೆಯ ಮಕ್ಕಳಾದರು ಎಂದು. ಈಗಿನವರು ಎಲ್ಲಕ್ಕೂ ಮೊಬೈಲಿನ ಮೇಲೆ ಗೂಬೆ ಕೂರಿಸುವುದನ್ನು ಕೇಳಿದಾಗ ನನಗೆ ಒಳಗೇ ನಗು ಬರುತ್ತದೆ. ನಾವೇನು ಕಡಿಮೆಯವರಾಗಿದ್ದೆವಾ?

ಕಷ್ಟವಾದದ್ದು ಹೊತ್ತಿನದು. ಬ್ಯಾಟರಿ ಬೇಗ ಸವೆಯಬಾರದೆಂದು ಅಪ್ಪ ಸಂಜೆ ಏಳರಿಂದ ಎಂಟರವರೆಗೆ ಮಾತ್ರ ರೇಡಿಯೋ ಹಾಕುತ್ತಿದ್ದ. ಅದು ಅಜ್ಜಿಯ ಕತೆಯ ಹೊತ್ತು. ಮೊದಲಿಗೆ ಅವಳು, "ಆ ಪೆಟ್ಟಿಗೇದು ಮುಗೀಲಿ, ಆಮೇಲೆ ನಂದು," ಎಂದು ಕಾದಳು. ಅದು ಮುಗಿಯುವಷ್ಟರಲ್ಲಿ ನಮಗೆ ಊಟ, ಊಟದ ಹಿಂದೆಯೇ ನಿದ್ದೆ. ಹೀಗೆ ಕೆಲವು ದಿನ ಕಳೆದ ಮೇಲೆ ಅವಳು ನಮ್ಮನ್ನು ಏಳು ಗಂಟೆಗೇ ಒಳಕೋಣೆಗೆ ಕರೆದು ಕೂರಿಸಿಕೊಳ್ಳತೊಡಗಿದಳು. ಆಗ ನಡೆಯುತ್ತಿದ್ದದ್ದು ದೊಡ್ಡ ಕತೆ. ಒಂದು ಊರಿನಲ್ಲಿ ಎಲ್ಲ ಮನೆಗಳ ಒಲೆಯೂ ಒಂದೇ ದಿನ ಆರಿಹೋಗುತ್ತದೆ. ಒಬ್ಬ ಹುಡುಗಿ ಮಡಕೆ ಹೊತ್ತು, ಏಳು ಗುಡ್ಡದ ಆಚೆಯಿಂದ ಕೆಂಡ ತರಲು ಹೊರಡುತ್ತಾಳೆ. ಒಂದೊಂದು ಗುಡ್ಡಕ್ಕೆ ನಾಲ್ಕಾರು ಸಂಜೆ ಹಿಡಿಯುತ್ತಿತ್ತು. ರೇಡಿಯೋ ಬರುವ ಮೊದಲು ನಾವು ನಾಲ್ಕು ಗುಡ್ಡ ದಾಟಿದ್ದೆವು.

ತಮ್ಮ ಎರಡೇ ದಿನಕ್ಕೆ ತಪ್ಪಿಸಿಕೊಂಡು ನಡುಮನೆಗೆ ಓಡಿದ. ನಾನು ಓಡಲಿಲ್ಲ. ಓಡಿದ್ದರೇ ಚೆನ್ನಾಗಿತ್ತು. ನಾನು ಅಜ್ಜಿಯ ಎದುರೇ ಕೂತು, ಬಾಯನ್ನು ಅವಳಿಗೆ ಕೊಟ್ಟು ಕಿವಿಯನ್ನು ನಡುಮನೆಗೆ ಕೊಟ್ಟೆ. ಹೂಂ ಅನ್ನುವುದಕ್ಕೆ ಕಿವಿ ಬೇಕಾಗಿಲ್ಲ ಎಂಬುದನ್ನು ನಾನೇ ಕಂಡುಹಿಡಿದೆ. ಅಜ್ಜಿ ಉಸಿರು ತೆಗೆದುಕೊಳ್ಳುವಲ್ಲಿ ಒಂದು ಹೂಂ ಹಾಕಿದರೆ ಮುಗಿಯಿತು. ಕತೆ ತನ್ನಷ್ಟಕ್ಕೆ ಗುಡ್ಡ ಹತ್ತುತ್ತಿತ್ತು, ನಾನು ಹಾಡು ಕೇಳುತ್ತಿದ್ದೆ. ಅಜ್ಜಿಗೂ ಸಮಾಧಾನ, ನನಗೂ ಸಮಾಧಾನ ಎಂದುಕೊಂಡಿದ್ದೆ. ಎಂಥ ಜಾಣೆ ನಾನು!

ಒಂದು ಸಂಜೆ ನಡುಮನೆಯಲ್ಲಿ ಏನೋ ನಾಟಕ ನಡೆಯುತ್ತಿತ್ತು. ನನ್ನ ಧ್ಯಾನವೆಲ್ಲ ಅಲ್ಲೇ. ನಾಟಕದಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಸುಮ್ಮನಾದರು. ಆ ಸದ್ದಿಲ್ಲದ ಗಳಿಗೆಯಲ್ಲಿ ಅಜ್ಜಿಯ ಮಾತು ನನ್ನ ಕಿವಿಗೆ ಬಿತ್ತು.

"ಆ ಬಾವಿ ಒಳಗೆ ನಿಮ್ಮಪ್ಪನ ಬಟ್ಟೆ ಅಂಗಡಿ ಇತ್ತು," ಎನ್ನುತ್ತಿದ್ದಳು ಅಜ್ಜಿ.

"ಹೂಂ," ಅಂದಿತು ನನ್ನ ಬಾಯಿ.

"ಅಂಗಡೀಲಿ ನಿಮ್ಮಜ್ಜಿ ಹೆಣ ಮಲಗಿಸಿದ್ರು."

"ಹೂಂ," ಅಂದೆ. ಅಂದ ಮೇಲೆ ಅರ್ಥವಾಯಿತು.

ತಲೆ ಎತ್ತಿ ನೋಡಿದೆ. ಅಜ್ಜಿ ಬೈಯಲಿಲ್ಲ. "ಕೋಣನ ಮುಂದೆ ಕಿನ್ನರಿ" ಎಂದು ಹಂಗಿಸಿದ್ದರೂ ಸಹಿಸುತ್ತಿದ್ದೆ. ಅದೂ ಇಲ್ಲ. ನನ್ನ ಮುಖ ನೋಡಿ, "ಹೋಗು, ನಾಟಕ ಕೇಳು ಹೋಗು," ಎಂದಳು. ನಾನು ಹೋದೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅಲ್ಲೇ ಕೂತು ಕಾಲು ಹಿಡಿಯುವುದು ಬಿಟ್ಟು, ಅನುಮತಿ ಸಿಕ್ಕಿತೆಂದು ಎದ್ದು ಹೋದೆ.

ಮರುದಿನ ಕತೆ ಇಲ್ಲ. ಗಂಟಲು ಕಟ್ಟಿದೆ ಎಂದಳು. ಅದರ ಮರುದಿನವೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ತನ್ನ ಎರಡು ಸೀರೆ, ವಿಭೂತಿ ಗಟ್ಟಿ, ಎಲೆಯಡಿಕೆ ಚೀಲ ಗಂಟು ಕಟ್ಟಿ, ಸೊರಬದ ಬಸ್ಸಿಗೆ ಹೊರಟು ನಿಂತಳು. ಕುಪ್ಪಗಡ್ಡೆಯಲ್ಲಿ ಅವಳ ಅಣ್ಣನ ಮಗನ ಮನೆಯಿತ್ತು. ಅಮ್ಮ ಅತ್ತಳು. ಅತ್ತೆಯ ಜೊತೆ ಮುಖ ಕೊಟ್ಟು ಮಾತಾಡದ ಅಪ್ಪ ಕೂಡ ಅಂಗಡಿ ಬಿಟ್ಟು ಬಂದು, "ನಮ್ಮ ಮನ್ಯಾಗ ಏನ್ ಕಡಿಮಿ ಆತ್ರೀ ಅತ್ತೆ?" ಎಂದು ಕೇಳಿದ.

"ಏನೂ ಕಡಿಮೆ ಆಗ್ಲಿಲ್ಲಪ್ಪ," ಎಂದಳು ಅಜ್ಜಿ. "ಹೆಚ್ಚಾಗಿರೋಳು ನಾನೇ."

ಯಾಕೆ ಹೋಗುತ್ತಿದ್ದಾಳೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಅದು ಅಪ್ಪನ ಯಾವುದೋ ಮಾತಿನಿಂದ ಆಗಿರಬೇಕೆಂದು ಎರಡು ತಿಂಗಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಪಾಪ, ಅಪ್ಪ ಸುಮ್ಮನೆ ಅನ್ನಿಸಿಕೊಂಡ. ನಾನು ಅದನ್ನೂ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ರೇಡಿಯೋ ಹಚ್ಚಿದರೆ ಮಾತ್ರ ಮೊದಲಿನ ರುಚಿ ಇರಲಿಲ್ಲ. ಒಳಕೋಣೆಯ ಬಾಗಿಲ ಕಡೆಗೇ ಕಣ್ಣು ಹೋಗುತ್ತಿತ್ತು.

ಎರಡು ತಿಂಗಳಾದ ಮೇಲೆ ಅಜ್ಜಿಯನ್ನು ಕರೆತರಲು ಅಮ್ಮ ನನ್ನನ್ನು ಕರೆದುಕೊಂಡು ಹೊರಟಳು. ಸೊರಬದಲ್ಲಿ ಬಸ್ಸು ಬದಲಿಸಿ ಕುಪ್ಪಗಡ್ಡೆಗೆ ಹೋಗುವವರೆಗೂ, "ಅವ್ವನ್ನ ಅಲ್ಲಿ ಯಾರ್ ಕೇಳ್ತಾರೆ, ಮೂಲೇಲಿ ಬಿದ್ದಿರ್ತಾಳೆ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿ ಮೂಲೆಯಲ್ಲಿ ಬಿದ್ದಿರಲಿಲ್ಲ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೈ ತುಂಬಿಕೊಂಡಿತ್ತು. ಅಮ್ಮ ಕೈ ಹಿಡಿದು, ಅತ್ತು, ಊರವರು ಆಡಿಕೊಳ್ಳುತ್ತಾರೆ ಎಂದು ಹೇಳಿ ಕರೆದಳು. ಅಜ್ಜಿ ಅವರೆಕಾಳು ಬಿಡಿಸುತ್ತಲೇ, "ಬ್ಯಾಡ ಬಿಡೆ. ಇಲ್ಲಿ ಸಂಜೆ ಆದ್ರೆ ಮಕ್ಕಳು ನನ್ನ ಹುಡುಕ್ತಾವೆ," ಎಂದಳು.

ಅಮ್ಮ ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಅಜ್ಜಿಯ ಹತ್ತಿರ ಸರಿದೆ. ತಪ್ಪಾಯಿತು ಎನ್ನಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಅಜ್ಜಿ, ಆ ಹುಡುಗಿ ಕೆಂಡ ತಂದ್ಲಾ?"

"ಹೇಳಿದ್ನಲ್ಲೇ," ಎಂದಳು ಅಜ್ಜಿ.

"ಯಾವಾಗ?"

"ಅವತ್ತೇ. ಬಾವಿ ಅನ್ನೋಕ್ಕಿಂತ ಮೊದ್ಲೇ ಕತೆ ಮುಗ್ದಿತ್ತು. 'ಅಲ್ಲಿಗೆ ಮುಗೀತು' ಅಂದೆ, ನೀನು ಅದಕ್ಕೂ ಹೂಂ ಅಂದೆ. ನೀನು ಕೇಳ್ತಿದೀಯೋ ಇಲ್ವೋ ಅಂತ ನೋಡೋಕೇ ಬಾವಿ ಮಾತು ತೆಗೆದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಸಲ ಹೇಳು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ಒಂದು ಎಳೆಯ ಅವರೆಕಾಳು ನನ್ನ ಕೈಗೆ ಹಾಕಿ ತಿನ್ನು ಎಂದಳು.

ಮುಸ್ಸಂಜೆಯಾಯಿತು. ಅಜ್ಜಿಯ ಅಣ್ಣನ ಮಗನ ಹೆಂಡತಿ ದೀಪ ಹಚ್ಚಿ ಜಗಲಿಗೆ ತಂದಿಟ್ಟಳು. ಎಲ್ಲೆಲ್ಲಿದ್ದವೋ, ಐದಾರು ಮಕ್ಕಳು ಓಡಿ ಬಂದು ಅಜ್ಜಿಯ ಸುತ್ತ ಕೂತವು. ನನ್ನಷ್ಟೇ ವಯಸ್ಸಿನ, ಎರಡು ಜಡೆಯ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಅಜ್ಜಿಯ ಮಂಡಿಗೆ ಮಂಡಿ ತಾಗಿಸಿ ಕೂತಳು. ಅದು ಅವಳ ಜಾಗವೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಎಲೆಯಡಿಕೆ ಉಗಿದು ಬಂದು ಶುರುಮಾಡಿದಳು. "ಒಂದೂರಲ್ಲಿ ಎಲ್ಲಾರ ಮನೆ ಒಲೆನೂ ಆರಿಹೋಯ್ತು."

"ಹೂಂ," ಅಂದಳು ಆ ಹುಡುಗಿ. ಕಣ್ಣು ಅಜ್ಜಿಯ ಬಾಯಿಯ ಮೇಲೇ ಇತ್ತು. ನನಗೆ ಹೊಟ್ಟೆ ಉರಿದುಹೋಯಿತು.

ನಾನೂ ಹಿಂದಿನ ಸಾಲಿನಲ್ಲಿ ಕೂತೆ. ಕೊನೆಯವರೆಗೂ ಕೂರುತ್ತೇನೆ, ಏಳು ಗುಡ್ಡ ದಾಟುವವರೆಗೂ ಇಲ್ಲೇ ಇರುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಕೊನೆಯ ಬಸ್ಸಿನ ಹಾರನ್ ಕೇಳಿತು. ಅಮ್ಮ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಅಜ್ಜಿ, ಹೋಗ್ಬರ್ತೀವಿ," ಎಂದೆ. ಅಜ್ಜಿ ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು. ಏನೋ ಹೇಳುವವಳಿದ್ದಳು, ನನಗೆ ಇವತ್ತಿಗೂ ಹಾಗನ್ನಿಸುತ್ತದೆ. ಆ ಹುಡುಗಿ ಮತ್ತೆ ಹೂಂ ಅಂದಳು. ಅಜ್ಜಿ ಅವಳ ಕಡೆ ತಿರುಗಿ ಕತೆ ಮುಂದುವರಿಸಿದಳು.