ಬೆಳೆಯುವ ತಲೆಗೊಂದು ಹೆಲ್ಮೆಟ್

ನನ್ನ ಹೊಸ ಬೈಕು ಪೋರೂರಿನ ನಮ್ಮ ಫ್ಲಾಟಿನ ಕೆಳಗೆ ಹನ್ನೊಂದು ದಿನ ಸುಮ್ಮನೆ ನಿಂತಿತ್ತು. ಅದರ ಕೀ ಅಮ್ಮನ ಸಾಸಿವೆ ಡಬ್ಬಿಯಲ್ಲಿತ್ತು. ನಾನು ಎರಡು ಬಸ್ಸು ಬದಲಿಸಿ, ಯಾರದೋ ಕಂಕುಳ ಕೆಳಗೆ ಉಸಿರಾಡಿಕೊಂಡು ಪೆರುಂಗುಡಿಯ ಆಫೀಸಿಗೆ ಹೋಗುತ್ತಿದ್ದೆ.

"ಜಾಕೆಟ್ಟು, ಹೆಲ್ಮೆಟ್ಟು ಎಲ್ಲಾ ನಾನೇ ನೋಡಿ ಕೊಡಿಸ್ತೀನಿ. ಆಮೇಲೆ ಕೀ," ಅಂದಿದ್ದಳು ಅಮ್ಮ.

ಮೈಸೂರು ಬಿಟ್ಟು ಚೆನ್ನೈಗೆ ಬಂದರೂ ಅಮ್ಮ ಬಟ್ಟೆ ಆರಿಸುವ ಕ್ರಮ ಬದಲಾಗಿಲ್ಲ. ಶಾಲೆಯ ಚಡ್ಡಿಯಿಂದ ಹಿಡಿದು ನನ್ನದೆಲ್ಲ ಎರಡು ಸೈಜು ದೊಡ್ಡದು. ಬೆಳೆಯುವ ಹುಡುಗನಂತೆ. ನನಗೀಗ ಇಪ್ಪತ್ನಾಲ್ಕು, ಅಡ್ಡಕ್ಕೆ ಬಿಟ್ಟು ಬೇರೆ ದಿಕ್ಕಿಗೆ ಬೆಳೆಯುವ ಲಕ್ಷಣ ಕಾಣುತ್ತಿಲ್ಲ.

ಕ್ರೋಂಪೇಟೆಯ ಬೈಕ್ ಸಾಮಾನಿನ ಅಂಗಡಿಯವನು ನನಗೆ ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ ತೊಡಿಸಿದ. ಭುಜಕ್ಕೆ, ಮೊಣಕೈಗೆ ಗಟ್ಟಿ ಪ್ಯಾಡು. ಅಳತೆ ಸರಿಯಾಗಿತ್ತು.

"ಕೊಂಜ ದೊಡ್ಡದು ತೋರ್ಸಿ ಅಣ್ಣಾ. ಒಳಗೆ ಸ್ವೆಟರ್ ಹಾಕ್ಕೋಬೇಕಲ್ಲ," ಅಂದಳು ಅಮ್ಮ, ತನ್ನ ಅರೆ ತಮಿಳಿನಲ್ಲಿ.

ಚೆನ್ನೈಯಲ್ಲಿ ಸ್ವೆಟರ್! ದೊಡ್ಡದು ಬಂತು. ಮೊಣಕೈ ಪ್ಯಾಡು ಮಣಿಕಟ್ಟಿಗಿಳಿಯಿತು. ಬಿದ್ದರೆ ನನ್ನ ಕೈಗಡಿಯಾರಕ್ಕೆ ಏನೂ ಆಗುವುದಿಲ್ಲ.

"ಅಮ್ಮಾ, ಟೈಟಾ ಇರಣುಂ," ಎಂದ ಅವನು ಮೂಗಿನಲ್ಲಿ.

"ಬಿಗಿಯಾಗಿರಬೇಕಂತೆ," ಎಂದೆ ನಾನು, ಅದೇ ಮೂಗಿನಲ್ಲಿ.

"ಅವರನ್ನ ಅಣಕಿಸ್ಬೇಡ್ವೋ. ಸಾಸಿವೆ ಡಬ್ಬಿ ನೆನಪಿದ್ಯಾ?"

ಆಮೇಲೆ ಹೆಲ್ಮೆಟ್ಟಿನ ಸರದಿ. ಅಮ್ಮ ಆರಿಸಿದ್ದನ್ನು ಹಾಕಿಕೊಂಡು ಎಡಕ್ಕೆ ತಿರುಗಿದೆ. ಹೆಲ್ಮೆಟ್ಟು ನೇರಕ್ಕೇ ನೋಡುತ್ತಿತ್ತು. "ಒಳ್ಳೆ ಗಾಳಿಯಾಡುತ್ತೆ," ಎಂದು ಅಮ್ಮ ಮೆಚ್ಚಿದಳು.

ಬೇರೆ ದಾರಿ ಕಾಣದೆ ಅದನ್ನು ಅವಳ ತಲೆಗೇ ಇಳಿಸಿದೆ. ಗಲ್ಲದವರೆಗೂ ಮುಳುಗಿದಳು. ಕಣ್ಣು ಕಾಣದೆ ಗರ್ರನೆ ತಿರುಗಿ, ಜಾಕೆಟ್ ತೊಟ್ಟು ನಿಂತಿದ್ದ ಬೊಂಬೆಯ ತೋಳು ಹಿಡಿದು ಬೈದಳು: "ತೆಗಿಯೋ ಇದನ್ನ! ಏನು ಕಂಬದ ಥರ ನಿಂತಿದ್ದೀಯ?" ಬೊಂಬೆ ಎದುರು ಮಾತಾಡಲಿಲ್ಲ. ನನಗಿಂತ ಒಳ್ಳೆಯ ಮಗ.

ಹೆಲ್ಮೆಟ್ ತೆಗೆದಾಗ ಅವಳ ಕೈ ಇನ್ನೂ ಬೊಂಬೆಯ ತೋಳಿನ ಮೇಲಿತ್ತು. ಕೈ ಹಿಂದೆಗೆದು ಅಂಗಡಿಯವನ ಕಡೆ ತಿರುಗಿದಳು. "ಇದ್ರೊಳಗೆ ಮಗನೇ ಕಾಣ್ಲಿಲ್ಲ, ಇನ್ನು ಲಾರಿ ಕಾಣುತ್ತಾ? ಬಿಗಿಯಾಗಿರೋದೇ ಕೊಡಿ. ಜಾಕೆಟ್ಟೂನೂ," ಅಂದಳು.

ಬಿಗಿಯಾದದ್ದು ಹಾಕಿದಾಗ ನನ್ನ ಎರಡೂ ಕೆನ್ನೆಗಳು ಮೂಗಿನ ಹತ್ತಿರ ಬಂದು ಕೂತವು. ಅಂಗಡಿಯವನ ದನಿ, ಆಫೀಸಿನ ಮ್ಯಾನೇಜರನ ದನಿ, ಅಮ್ಮನ ದನಿ ಎಲ್ಲ ಪ್ರಯತ್ನಿಸಿದೆ. ಎಲ್ಲವೂ ಬಾಯ್ತುಂಬ ಇಡ್ಲಿ ತುಂಬಿಕೊಂಡವನ ದನಿ. ಅಣಕಿಸುವುದು, ನನಗಿದ್ದ ಒಂದೇ ವಿದ್ಯೆ, ಹೋಯಿತು. ಅಮ್ಮನ ಮುಖ ಅರಳಿತು.

ಕೀ ಸಿಕ್ಕಿತು, ಸಂದಿಯಲ್ಲಿ ಎರಡು ಸಾಸಿವೆ ಕಾಳಿನ ಸಮೇತ. ಆದರೆ ರಾತ್ರಿ ಅದು ಮತ್ತೆ ಡಬ್ಬಿಗೆ ಹೋಗುತ್ತದೆ. ದಿನಾ ಬೆಳಿಗ್ಗೆ ಕೀ ಕೊಡುವ ಮೊದಲು ಅಮ್ಮ ಎರಡೂ ಕೈಯಲ್ಲಿ ನನ್ನ ತಲೆಯಲ್ಲಿರುವ ಹೆಲ್ಮೆಟ್ ಹಿಡಿದು ಅಲ್ಲಾಡಿಸುತ್ತಾಳೆ. "ಟೈಟಾ ಇರಣುಂ," ಅನ್ನುತ್ತಾಳೆ ಮೂಗಿನಲ್ಲಿ, ಥೇಟ್ ಅಂಗಡಿಯವನೇ. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಒಳಗಿನಿಂದ ನಾನೂ ಏನೋ ಉತ್ತರ ಕೊಡುತ್ತೇನೆ. ಹೊರಗೆ ಬರುವುದು ಬರೀ ಇಡ್ಲಿ.