ನಾನು ಹೊರಗಿದ್ದೆ

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವವರು ಮನೆಮನೆಗೂ ಇದ್ದಾರೆ. ಸೀರೆ ಉಡಿಸುವುದನ್ನೇ ಕಸುಬು ಮಾಡಿಕೊಂಡವಳು ಮಾತ್ರ ಚೌಡೇಶ್ವರಿ ಒಬ್ಬಳೇ. ನಮಗೆಲ್ಲ ಅವಳು ಚೌಡಕ್ಕ. ಅವಳನ್ನು ಆಂಧ್ರದ ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೂವತ್ತು ದಾಟುವ ಮೊದಲೇ ಅಪ್ಪ ರಂಗಯ್ಯನವರ ಮನೆಗೆ ವಾಪಸು ಬಂದು ಮಗ್ಗಕ್ಕೆ ಕೂತಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಬಲಭುಜ ಹಿಡಿದುಕೊಂಡಿತು. ಲಾಳಿ ಎಸೆಯಲು ಆಗದೆ ಮದುವೆ ಮನೆಗಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಸೀರೆ ಉಡಿಸತೊಡಗಿದಳು. ಕಚ್ಚೆ ಹಾಕಿ ಉಡಿಸುವ ಹಳೆಯ ರೀತಿಯೂ ಅವಳಿಗೆ ಅಜ್ಜಿಯಿಂದ ಬಂದಿತ್ತು. ಚಳ್ಳಕೆರೆಯ ಒಂದು ಮದುವೆಯಲ್ಲಿ ಅವಳ ಕೈಕೆಲಸ ನೋಡಿದ ಧಾರಾವಾಹಿಯವರೊಬ್ಬರು ಬೆಂಗಳೂರಿಗೆ ಕರೆದರು. ರಾಜರಾಣಿಯರ ಕಥೆ, ದಿನಕ್ಕೆ ಇಪ್ಪತ್ತು ಮೂವತ್ತು ಹೆಂಗಸರಿಗೆ ಸೀರೆ ಉಡಿಸಬೇಕು. ನಲವತ್ತೈದರ ವಯಸ್ಸಿನಲ್ಲಿ ಚೌಡಕ್ಕ ಒಂದು ಟ್ರಂಕು ಹಿಡಿದು ಹೊರಟೇಬಿಟ್ಟಳು.

ಆರು ವರ್ಷ ಅಲ್ಲಿದ್ದಳು. ಹಬ್ಬಕ್ಕೆ ಬಂದಾಗ ಆ ಲೋಕದ ಸುದ್ದಿ ಹೇಳಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ರಾಣಿ ಸಿಂಹಾಸನದ ಮೇಲೆ ಕೂತೇ ನಿದ್ದೆ ಹೋಗಿದ್ದು, ಮಂತ್ರಿಯ ಮೀಸೆ ಸಾರಿನೊಳಗೆ ಬಿದ್ದಿದ್ದು. ಅವಳ ಬಾಯಲ್ಲಿ ಹೆಚ್ಚು ಬರುತ್ತಿದ್ದ ಹೆಸರು ಓಂಕಾರಮೂರ್ತಿಯದು. ಧಾರಾವಾಹಿಯ ನಿರ್ದೇಶಕ, ನಿರ್ಮಾಣದಲ್ಲೂ ಪಾಲಿದ್ದವನು. ಯಾರ ಪಾತ್ರ ಬೆಳೆಯಬೇಕು, ಯಾರು ನಾಳೆಯಿಂದ ಬರಬೇಕಿಲ್ಲ ಎಂಬುದೆಲ್ಲ ಅವನ ಮಾತಿನ ಮೇಲೆ ನಡೆಯುತ್ತಿತ್ತು. "ಒಂದ್ ದಿನ ದನಿ ಏರಿಸಿದೋನಲ್ಲ. ನನ್ನಂಥೋಳನ್ನೂ 'ಊಟ ಆಯ್ತಾ ಚೌಡಮ್ಮ' ಅಂತ ಕೇಳ್ತಾನೆ. ದೇವರಂಥೋನು," ಎನ್ನುತ್ತಿದ್ದಳು. ಆ ಮಾತನ್ನು ನೆನೆಸಿಕೊಂಡರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಐಶ್ವರ್ಯ ಅಲ್ಲಿಗೆ ಸೇರಿದ್ದು ೨೦೨೧ರಲ್ಲಿ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಕಲ್ಲೇಶಪ್ಪನವರ ಮಗಳು, ಆಗ ಇಪ್ಪತ್ತೆರಡು ವರ್ಷ. ಕಾಲೇಜಿನ ನಾಟಕಗಳಲ್ಲಿ ಬಹುಮಾನ ತೆಗೆದುಕೊಂಡವಳು, ಆಡಿಷನ್ನಿಗೆ ಹೋಗಿ ರಾಣಿಯ ತಂಗಿಯ ಪಾತ್ರಕ್ಕೆ ಆಯ್ಕೆಯಾಗಿದ್ದಳು. ಅಪ್ಪ ಬಿಲ್‌ಕುಲ್ ಆಗದು ಎಂದು ಕೂತರು. ಆಗ ತಾಯಿ ಮಂಜುಳಮ್ಮನಿಗೆ ಯಾರೋ ಚೌಡಕ್ಕನ ವಿಷಯ ಹೇಳಿದರು. ಊರಿಗೆ ಬಂದಿದ್ದ ಚೌಡಕ್ಕನನ್ನು ಮನೆಗೆ ಕರೆಸಿ, ಊಟ ಹಾಕಿ, ಎಲೆ ಅಡಿಕೆ ಕೊಟ್ಟು ಮಂಜುಳಮ್ಮ ಕೈ ಹಿಡಿದುಕೊಂಡರು.

"ಅಕ್ಕಾ, ಅಲ್ಲಿ ನಮ್ಮೋರು ಅಂತ ನೀವೊಬ್ರೇ ಇರೋದು. ಮಗಳನ್ನ ನಿಮ್ಮ ಉಡಿಯಾಗೆ ಹಾಕ್ತಿದೀನಿ."

"ನಾನಿರ್ತೀನಲ್ಲವ್ವ, ಯಾಕೆ ಚಿಂತಿ ಮಾಡ್ತೀಯ," ಎಂದಳು ಚೌಡಕ್ಕ.

ಆ ಒಂದು ಮಾತಿನ ಮೇಲೆ ಕಲ್ಲೇಶಪ್ಪ ಒಪ್ಪಿದರು.

ಮೊದಲ ಎರಡು ತಿಂಗಳು ಚೆನ್ನಾಗಿಯೇ ಇತ್ತು. ಹುಡುಗಿ ಚುರುಕು, ಪಾತ್ರದ ಮಾತು ಬೇಗ ಕಲಿಯುತ್ತಿದ್ದಳು. ಬಿಡುವಿದ್ದಾಗ ಚೌಡಕ್ಕನ ಪಕ್ಕ ಕೂತು ಅವಳ ರಾಯದುರ್ಗದ ತೆಲುಗು ಹೇಳಿಸಿಕೊಂಡು ನಗುತ್ತಿದ್ದಳು. ಆಮೇಲೆ ಓಂಕಾರಮೂರ್ತಿ ಹೆಂಗಸರ ಮೇಕಪ್ ರೂಮಿಗೆ ಬರುವುದು ಶುರುವಾಯಿತು. ಹಿಂದಿನ ದೃಶ್ಯದಲ್ಲಿ ಸೆರಗು ಹೇಗಿತ್ತೋ ಹಾಗೇ ಇದೆಯೇ ನೋಡಬೇಕು ಎಂದು ಬರುತ್ತಿದ್ದ. ನೋಡುವುದು ಮುಟ್ಟುವುದಾಯಿತು. ನೆರಿಗೆ ಸರಿಯಿಲ್ಲ ಎಂದು ಸೊಂಟಕ್ಕೆ ಕೈ ಹಾಕುತ್ತಿದ್ದ. ಚೌಡಕ್ಕ ಉಡಿಸಿದ ನೆರಿಗೆ ಸರಿಯಿಲ್ಲದೆ ಇರುವುದು ಹೇಗೆ? ಅದು ಅವಳಿಗೆ ಗೊತ್ತಿತ್ತು. ಆದರೂ ಅವನು ಬಂದಾಗ ಪಿನ್ನಿನ ಡಬ್ಬಿ ಎತ್ತಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದಳು.

"ಚೌಡಕ್ಕ, ಅವ್ರು ಬಂದಾಗ ನೀವು ಎಲ್ಲೂ ಹೋಗಬ್ಯಾಡ್ರಿ," ಎಂದಳು ಐಶ್ವರ್ಯ ಒಂದು ದಿನ, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ.

"ಇಲ್ಲ ಬಿಡಮ್ಮಾಯಿ, ಇಲ್ಲೇ ಇರ್ತೀನಿ."

ಅದಾಗಿ ವಾರ ಕಳೆದಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು. ಬೇರೆಯವರೆಲ್ಲ ಊಟಕ್ಕೆ ಹೋಗಿದ್ದರು. ಚೌಡಕ್ಕ ಐಶ್ವರ್ಯಳಿಗೆ ಸೀರೆ ಉಡಿಸಿ ಮುಗಿಸುವಾಗ ಓಂಕಾರಮೂರ್ತಿ ಒಳಗೆ ಬಂದ.

"ಚೌಡಮ್ಮ, ಸ್ವಲ್ಪ ಹೊರಗಿರಿ. ಇವರಿಗೆ ಸೀನ್ ವಿವರಿಸಬೇಕು." ಯಾವತ್ತಿನಂತೆ ಮೆತ್ತಗಿನ ದನಿ.

ಐಶ್ವರ್ಯ ಅವಳ ಮುಂಗೈ ಹಿಡಿದಳು. ಆ ಹಿಡಿತದಲ್ಲಿ ಎಲ್ಲವೂ ಇತ್ತು ಎನ್ನುತ್ತಾಳೆ ಚೌಡಕ್ಕ. "ಕೈ ಬಿಡಿಸ್ಕೊಂಡೆ. ಅವಳು ಬಿಡಲಿಲ್ಲ, ನಾನೇ ಬಿಡಿಸ್ಕೊಂಡೆ."

ಹೊರಗೆ ಬಂದು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಒಳಗಿನಿಂದ ಚಿಲಕ ಬಿತ್ತು. ಏನೋ ಉರುಳಿದ ಸದ್ದು, ಹುಡುಗಿ "ಬ್ಯಾಡ ಸಾರ್" ಎಂದಿದ್ದು ಕೇಳಿಸಿತು. ಬಾಗಿಲು ತಟ್ಟಲು ಕೈ ಎತ್ತಿದಳು. ತಟ್ಟಿದರೆ ಏನೆಂದು ಹೇಳುವುದು? ನಾಳೆ ಕೆಲಸ ಇರುತ್ತದೆಯೇ? ಎತ್ತಿದ ಕೈ ಇಳಿಯಿತು. ಹತ್ತು ನಿಮಿಷವಾದ ಮೇಲೆ ಅವನು ಹೊರಗೆ ಬಂದು, ಅವಳ ಮುಖವನ್ನೂ ನೋಡದೆ, "ರೆಡಿ ಮಾಡಿ, ಶಾಟ್ ಇದೆ," ಎಂದು ಹೋದ.

ಒಳಗೆ ಐಶ್ವರ್ಯ ಬಿಚ್ಚಿದ ಸೀರೆಯನ್ನು ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ತುಟಿಯ ಅಂಚು ಒಡೆದಿತ್ತು. ಚೌಡಕ್ಕ ಒಂದು ಮಾತನ್ನೂ ಕೇಳಲಿಲ್ಲ. ಮತ್ತೆ ಸೀರೆ ಸುತ್ತಿ, ತುಟಿಯ ಗಾಯಕ್ಕೆ ಬಣ್ಣ ಹಚ್ಚಿ, "ಸುಮ್ಕಿರಮ್ಮಾಯಿ, ಶಾಟ್ ಐತೆ," ಎಂದಳು. ಆ ದಿನ ಐಶ್ವರ್ಯ ಒಂದೂ ತಪ್ಪಿಲ್ಲದೆ ಅಭಿನಯಿಸಿದಳಂತೆ.

ಹದಿನೈದು ದಿನ ಬಿಟ್ಟು ಹುಡುಗಿ ದೂರು ಕೊಟ್ಟಳು. ಅಪ್ಪನಿಗೆ ತಿಳಿದರೆ ಏನಾಗುವುದೋ ಎಂಬ ಹೆದರಿಕೆಯಿಂದ ಪೊಲೀಸರ ಬಳಿಗೆ ಹೋಗದೆ ನಿರ್ಮಾಣ ಸಂಸ್ಥೆಯ ದೂರು ಸಮಿತಿಗೆ ಬರೆದಳು. ಬಾಗಿಲ ಹೊರಗೆ ನಿಂತಿದ್ದವಳು ಎಂದು ಚೌಡಕ್ಕನ ಹೆಸರು ಹೇಳಿದ್ದಳು. ವಿಚಾರಣೆಯ ಹಿಂದಿನ ದಿನ ಓಂಕಾರಮೂರ್ತಿ ಚೌಡಕ್ಕನನ್ನು ಕರೆಸಿಕೊಂಡ. ಹೆದರಿಸಲಿಲ್ಲ. "ನಿಮಗೆ ಗೊತ್ತಿರೋದು ಮಾತ್ರ ಹೇಳಿ ಚೌಡಮ್ಮ. ಗೊತ್ತಿಲ್ಲದ್ದು ಹೇಳಬೇಡಿ. ಮುಂದಿನ ಧಾರಾವಾಹಿಗೂ ನೀವೇ ಬೇಕು," ಎಂದಷ್ಟೇ ಹೇಳಿದ.

ಸಮಿತಿಯಲ್ಲಿ ಮೂವರಿದ್ದರು. ಒಬ್ಬ ಹೆಂಗಸು ಕೇಳಿದಳು: "ಒಳಗೆ ಏನಾಯಿತು?"

"ನಾನು ಹೊರಗಿದ್ದೆ, ಮೇಡಂ."

"ಏನಾದರೂ ಕೇಳಿಸಿತಾ?"

"ಜನರೇಟರ್ ಸದ್ದು ಇತ್ತು. ನಾನು ಹೊರಗಿದ್ದೆ."

ಹೊರಗಿದ್ದದ್ದು ನಿಜ. ಜನರೇಟರ್ ಓಡುತ್ತಿದ್ದದ್ದೂ ನಿಜ. ಎದುರಿನ ಕುರ್ಚಿಯಲ್ಲಿ ಕೂತಿದ್ದ ಐಶ್ವರ್ಯ ಅವಳನ್ನೇ ನೋಡುತ್ತಿದ್ದಳು. ಸಾಕ್ಷ್ಯ ಇಲ್ಲವೆಂದು ದೂರನ್ನು ಮುಗಿಸಿದರು. ಮುಂದಿನ ವಾರ ರಾಣಿಯ ತಂಗಿ ನದಿಯಲ್ಲಿ ಕೊಚ್ಚಿಹೋದಂತೆ ಕಥೆ ಬರೆದರು. ಐಶ್ವರ್ಯ ಚಳ್ಳಕೆರೆಗೆ ವಾಪಸಾದಳು. ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು, ಅದೂ ತಲೆಕೆಳಗಾಗಿ. ಪಾತ್ರಕ್ಕಾಗಿ ಅವಳೇ ನಿರ್ದೇಶಕನ ಬೆನ್ನು ಬಿದ್ದಿದ್ದಳು ಎಂದು ಜನ ಆಡಿಕೊಂಡರು. ಕಲ್ಲೇಶಪ್ಪ ಎಷ್ಟೋ ತಿಂಗಳು ಮಗಳ ಜೊತೆ ಮಾತಾಡಲಿಲ್ಲವಂತೆ.

ಚೌಡಕ್ಕ ಕೆಲಸದಲ್ಲಿ ಮುಂದುವರಿದಳು. ಓಂಕಾರಮೂರ್ತಿಯ ಮುಂದಿನ ಧಾರಾವಾಹಿಗೆ ವೀಣಾ ಎಂಬ ಹುಡುಗಿ ಬಂದಳು, ನೃತ್ಯ ಕಲಿತವಳು. ಅದೇ ಮೇಕಪ್ ರೂಮು, ಅದೇ ನೆರಿಗೆಯ ನೆಪ. ಒಂದು ದಿನ ಅವನು ಹುಡುಗಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ "ಚೌಡಮ್ಮ, ಸ್ವಲ್ಪ ಹೊರಗಿರಿ," ಎಂದ.

"ನಾನು ಹೋಗಲ್ಲ ಸಾರ್," ಎಂದಳು ಚೌಡಕ್ಕ.

ಅವನು ನಕ್ಕು ಸುಮ್ಮನೆ ಹೊರಟುಹೋದ. ಮರುದಿನ ಗೇಟಿನಲ್ಲೇ ಅವಳನ್ನು ತಡೆದರು. ಅವಳ ಟ್ರಂಕು ಬಸ್ಸಿನ ಮೇಲೇರಿ ಮೊಳಕಾಲ್ಮೂರಿಗೆ ಬಂತು. "ನಾನೇನೋ ಬಂದೆ. ಆ ಹುಡುಗಿಗೆ ಒಂದ್ ಮಾತು ಹೇಳದಂಗೆ ಬಂದೆ," ಎಂದು ಕೊರಗುತ್ತಿದ್ದಳು. ಅವಳು ಹೆದರಿದಂತೆಯೇ ವೀಣಾಳಿಗೂ ಅದೇ ಆಯಿತು. ಆದರೆ ವೀಣಾ ನೇರವಾಗಿ ಪೊಲೀಸರ ಬಳಿಗೆ ಹೋದಳು.

ವೀಣಾಳ ಫೋನು ಬಂದದ್ದು ಕಳೆದ ವರ್ಷ. "ನೀವು ನೋಡಿದ್ದನ್ನ ಹೇಳ್ತೀರಾ?" ಚೌಡಕ್ಕ ತಕ್ಷಣ ಹೂಂ ಎಂದಳು. ಫೋನಿಟ್ಟು ನಮ್ಮ ಮನೆಗೆ ಬಂದಳು. ಪ್ರಾಥಮಿಕ ಶಾಲೆಯ ಮೇಷ್ಟರಾದ ನನ್ನಿಂದಲೇ ಬೀದಿಯವರೆಲ್ಲ ಅರ್ಜಿ ಬರೆಸುವುದು. ಎಲ್ಲವನ್ನೂ ಅವಳು ಬಾಯಿಬಿಟ್ಟು ಹೇಳಿದ್ದು ಅವತ್ತೇ. ಆದರೆ ಹೇಳಿಕೆ ಬರೆಯಲು ಬಿಡಲಿಲ್ಲ. "ಮೊದ್ಲು ಚಳ್ಳಕೆರೆಗೆ ಹೋಗ್ಬೇಕು. ನೀನೂ ಬಾರಪ್ಪ, ಒಬ್ಳೇ ಹೋದ್ರೆ ಅರ್ಧ ದಾರಿಗೆ ತಳಕಿನಾಗೇ ಇಳಿದು ವಾಪಸ್ ಬಂದ್ಬಿಡ್ತೀನಿ."

ಬಾಗಿಲು ತೆರೆದ ಮಂಜುಳಮ್ಮ ಒಳಗೆ ಬನ್ನಿ ಎನ್ನಲಿಲ್ಲ. ಐಶ್ವರ್ಯಳೇ ಬಂದು ಜಗುಲಿಯ ಮೇಲೆ ಕೂತಳು. ಈಗ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಪರೀಕ್ಷೆಯ ಉತ್ತರಪತ್ರಿಕೆಗಳು ಕೈಯಲ್ಲೇ ಇದ್ದವು.

ಚೌಡಕ್ಕ ಅವಳ ಕಾಲಿಗೆ ಕೈ ಚಾಚಿದಳು. ಐಶ್ವರ್ಯ ಕಾಲು ಹಿಂದಕ್ಕೆ ಎಳೆದುಕೊಂಡಳು.

"ತಪ್ಪಾಗೈತೆ ಅಮ್ಮಾಯಿ. ನಿಂದೂ ಹೇಳ್ತೀನಿ, ಕೋರ್ಟಿನಾಗೆ ನಿಂತು ಹೇಳ್ತೀನಿ."

"ಹೇಳಿದ್ರೆ ನಿಮಗೆ ಹಗುರ ಆಗ್ತೈತೆ. ನನಗೇನಾಗ್ತೈತೆ ಚೌಡಕ್ಕ?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅಪ್ಪ ಈಗೀಗ ಊಟಕ್ಕೆ ನನ್ನ ಪಕ್ಕ ಕೂರ್ತಾರೆ. ನನ್ನ ಹೆಸರು ಎತ್ತಬ್ಯಾಡ್ರಿ."

ಚೌಡಕ್ಕ ಎತ್ತುವುದಿಲ್ಲ ಎಂದು ಮಾತು ಕೊಟ್ಟಳು. ನಾವು ಎದ್ದು ಚಪ್ಪಲಿ ಮೆಟ್ಟುವಾಗ ಐಶ್ವರ್ಯ ಕೂತಲ್ಲಿಂದಲೇ ಹೇಳಿದಳು: "ಅವನು ಮಾಡಿದ್ದು ಒಂದಾದ್ರೆ, ನೀವು ಸಮಿತಿ ಮುಂದೆ ಅಂದಿದ್ದೇ ಒಂದು. ರಾತ್ರಿ ಎಚ್ಚರಾದ್ರೆ ನನಗೆ ನಿಮ್ಮ ದನಿ ಕೇಳ್ತೈತೆ, ಅವನದಲ್ಲ. ಆ ಹುಡುಗಿ ವಿಷಯದಾಗಾದ್ರೂ ಹಂಗೆ ಅನ್ಬ್ಯಾಡ್ರಿ."

ಬಸ್ಸಿನಲ್ಲಿ ಚೌಡಕ್ಕ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದಳು. ನಾನು ಏನೋ ಸಮಾಧಾನ ಹೇಳಲು ಹೋದೆ. "ಬ್ಯಾಡಪ್ಪ," ಎಂದಳು.

ಅವಳು ಬೆಂಗಳೂರಿಗೆ ಹೋಗಿ ಹೇಳಿಕೆ ಕೊಟ್ಟಳು, ವೀಣಾಳ ವಿಷಯದಲ್ಲಿ ಕಂಡದ್ದಷ್ಟನ್ನೇ. ಓಂಕಾರಮೂರ್ತಿಯ ಬಂಧನವಾಯಿತು. ತಿಂಗಳೊಳಗೆ ಜಾಮೀನಿನ ಮೇಲೆ ಹೊರಗೆ ಬಂದ. ಬೇರೊಂದು ಸಂಸ್ಥೆಗೆ ಈಗ ಕಥೆ ಮಾಡಿಸುತ್ತಿದ್ದಾನಂತೆ, ತೆರೆಯ ಮೇಲೆ ಹೆಸರು ಮಾತ್ರ ಹಾಕುವುದಿಲ್ಲ. ಪ್ರಕರಣ ನಡೆಯುತ್ತಿದೆ. ಅವನ ವಕೀಲ ಚೌಡಕ್ಕನನ್ನು, ಕೆಲಸದಿಂದ ತೆಗೆದ ಸಿಟ್ಟಿಗೆ ಹೇಳುತ್ತಿದ್ದೀಯ, ಹಿಂದೆ ಇಂಥ ದೂರು ಬಂದಾಗ ನೀನೇ ಏನೂ ಗೊತ್ತಿಲ್ಲ ಅಂದಿದ್ದೆಯಲ್ಲ, ಎಂದು ಕೇಳಿದ. ಐಶ್ವರ್ಯಳಿಗೆ ಕೊಟ್ಟ ಮಾತು ಬಾಯಿ ಕಟ್ಟಿತ್ತು. ಕಟಕಟೆಯಲ್ಲಿ ನಿಂತು ಅತ್ತಳು. ಅಂದಿನ ಆ ಸುಳ್ಳು ಈಗ ವೀಣಾಳ ಪ್ರಕರಣವನ್ನೂ ಕುಂದಿಸುತ್ತದೇನೋ ಎಂಬ ಚಿಂತೆ ಅವಳನ್ನು ಬಿಟ್ಟಿಲ್ಲ.

ಈ ಯುಗಾದಿಯ ಮರುದಿನ ಐಶ್ವರ್ಯಳಿಂದ ಚೌಡಕ್ಕನಿಗೆ ಫೋನು ಬಂತು. "ವೀಣಾ ಹೆಂಗವಳೆ?" ಎಂದು ಕೇಳಿದಳಂತೆ.

"ಚೆನ್ನಾಗವಳಮ್ಮ. ಮಕ್ಕಳಿಗೆ ಡ್ಯಾನ್ಸ್ ಹೇಳ್ಕೊಡ್ತಾಳೆ."

"ಸರಿ," ಎಂದು ಇಟ್ಟಳಂತೆ.

ಅದನ್ನು ಹೇಳಲು ಚೌಡಕ್ಕ ನಮ್ಮ ಅಂಗಳಕ್ಕೆ ಬಂದಿದ್ದಳು. ನಿಮ್ಮ ಬಗ್ಗೆ ಏನಾದರೂ ಕೇಳಿದಳಾ ಎಂದು ನಾನು ವಿಚಾರಿಸಿದೆ.

"ಇಲ್ಲಪ್ಪ. ಕೇಳೋ ಅಗತ್ಯ ಏನೈತೆ ಅವಳಿಗೆ?" ಎಂದು, ನನ್ನ ಹೆಂಡತಿ ಕೊಟ್ಟ ಹೋಳಿಗೆಯನ್ನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು.