ಫೋಟೋ ತೆಗೆಯದ ಮಗು

ನಾನು ಚಿತ್ರ ಬರೆಯುವವಳು. ಈಚೆಗೆ ಎಐ ಸಹವಾಸವೂ ಸೇರಿಕೊಂಡಿದೆ. ಹೇಳಿದ್ದನ್ನು ಕಂಪ್ಯೂಟರ್ ಬಿಡಿಸಿಕೊಡುತ್ತದೆ, ನಾನು ಅದರ ಮೇಲೆ ಕೈಯಾಡಿಸುತ್ತೇನೆ. ತೀರಿಹೋದವರ ಮುಖ, ಬಿದ್ದುಹೋದ ಮನೆ, ಇಂಥದ್ದನ್ನೆಲ್ಲ ಮಾಡಿಸಿಕೊಂಡು ಜನ ನನ್ನೆದುರೇ ಅತ್ತಿದ್ದಾರೆ. ಅದರಿಂದ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಒಂದು ಭಾನುವಾರ ಅಕ್ಕ ಕುಣಿಗಲ್‌ನಿಂದ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ, ತನ್ನ ಮೊದಲ ಮಗುವಿನ ಚಿತ್ರ ಮಾಡಿಕೊಡು ಎಂದಳು.

ಆ ಹೆಣ್ಣುಮಗು ಹುಟ್ಟಿದ್ದು ಗುಬ್ಬಿಯಲ್ಲಿ, ನಮ್ಮ ತವರಿನಲ್ಲಿ. ಹೆಸರಿಡುವ ಮುಂಚೆ ಫೋಟೋ ತೆಗೆದರೆ ದೃಷ್ಟಿಯಾಗುತ್ತದೆ ಎಂದು ಅಜ್ಜಿ ನನ್ನ ಮೊಬೈಲನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಫೋಟೋದವನಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಜ್ವರ ಬಂತು, ಮಗು ಉಳಿಯಲಿಲ್ಲ. ಆಮೇಲೆ ಹುಟ್ಟಿದ ಮಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ಮೊದಲನೆಯದರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಭಾವನಂತೂ ಎತ್ತಿದ್ದೇ ಇಲ್ಲ.

“ಅವಳ ಮುಖ ಮರ್ತೋಗ್ತಾ ಇದೆ ಕಣೇ,” ಎಂದಳು ಅಕ್ಕ. “ಹೆತ್ತೋಳು ನಾನೇ ಮರೆತ್ರೆ ಇನ್ಯಾರ್ ಹತ್ರ ಉಳ್ಯುತ್ತೆ?”

ಕಂಪ್ಯೂಟರ್ ಮುಂದೆ ಕೂತೆ. ಮೊದಲು ಬಂದದ್ದು ಹಾಲಿನಪುಡಿ ಡಬ್ಬದ ಮೇಲಿನ ಕೆಂಪು ಕೆನ್ನೆಯ ಮಗು. ಅಕ್ಕನ, ಭಾವನ ಹಳೆಯ ಫೋಟೋಗಳನ್ನು ಕೊಟ್ಟು ನೋಡಿದೆ. ಕೆನ್ನೆಗೆ ದೃಷ್ಟಿಬೊಟ್ಟು ಇಡು ಎಂದರೆ ಅದನ್ನು ಹಣೆಯ ನಡುವೆ ಕೂರಿಸಿತು. ಇನ್ನೊಂದು ಸಲ ಹೇಳಿದರೆ ಕೊಳೆಯೆಂದು ತಿಳಿದು ಒರೆಸಿಯೇ ಬಿಟ್ಟಿತು. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

ಮೂಗು ಹೀಗಿರಲಿಲ್ಲ, ಚಪ್ಪಟೆ ಎಂದಳು. ಕೂದಲು ಹಣೆಯ ಅರ್ಧಕ್ಕೆ ಇಳಿದಿತ್ತು, ಅಜ್ಜಿ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದಳು. ಬಲಗಿವಿಯ ತುದಿ ಮಡಚಿಕೊಂಡಿತ್ತು. ಆಕಳಿಸಿದರೆ ಕೆಳತುಟಿ ಒಂದು ಕಡೆಗೆ ವಾಲುತ್ತಿತ್ತು. ನಾನು ಟೈಪ್ ಮಾಡುತ್ತ ಹೋದೆ, ಅದು ಬಿಡಿಸುತ್ತ ಹೋಯಿತು, ಅಕ್ಕ ಇದಲ್ಲ ಎನ್ನುತ್ತಲೇ ಹೋದಳು. ನನ್ನ ಜಂಬವೆಲ್ಲ ಇಳಿದುಹೋಗಿತ್ತು. ಆರಿದ ಸಂಕಟವನ್ನು ಕೆದಕಿ, ಇವಳನ್ನು ಇನ್ನಷ್ಟು ಅಳಿಸಿ ಕಳಿಸುತ್ತಿದ್ದೇನೆ ಎಂದು ಭಯವಾಗಿ ಅವಳ ಕಡೆ ತಿರುಗಿದೆ.

ಅಕ್ಕನ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು.

“ಸಾಕು ಬಿಡೇ. ಇದ್ಯಾವ್ದೂ ಅವಳಲ್ಲ ಅಂತ ನೋಡಿದ್ ತಕ್ಷಣ ಗೊತ್ತಾಗ್ತಿದೆ. ನಾನ್ ಏನೂ ಮರ್ತಿಲ್ಲ.”

ನನಗೆ ಹೋದ ಜೀವ ಬಂದಂತಾಯಿತು. ಎಲ್ಲವನ್ನೂ ಡಿಲೀಟ್ ಮಾಡಿದೆ. ಉಪ್ಪಿಟ್ಟು ಮಾಡಿಕೊಂಡು ತಿನ್ನುತ್ತ ಆ ಮಗುವಿನ ಬಗ್ಗೆ ಬಾಯ್ತುಂಬ ಮಾತಾಡಿದೆವು, ನಡುನಡುವೆ ಅತ್ತೆವು. ಆಮೇಲೆ ಅವಳನ್ನು ಬಸ್ ಹತ್ತಿಸಿ ಬಂದೆ.

ಸಂಜೆ ಅಕ್ಕನ ಫೋನು ಬಂತು. ಮನೆಗೆ ಹೋದವಳೇ ಭಾವನಿಗೆ ನಡೆದದ್ದನ್ನೆಲ್ಲ ಹೇಳಿದಳಂತೆ.

“ಆಮೇಲೆ ಏನಂದ್ರು ಗೊತ್ತಾ?” ಎಂದಳು. “‘ಅವಳು ಎಡಗೈ ಮುಷ್ಟಿ ಬಿಚ್ತಾನೇ ಇರ್ಲಿಲ್ಲ, ನನ್ ಬೆರಳು ಕೊಟ್ರೆ ಮಾತ್ರ ಬಿಚ್ಚೋಳು’ ಅಂದ್ರು. ಅದು ನಂಗೂ ಗೊತ್ತಿರ್ಲಿಲ್ಲ ಕಣೇ.”